ಹಾಲ್‌ನಲ್ಲಿ ನಿಂತ ರಾಣಿ (ಲಾಯದ ಕತೆಗಳು – 6)

ಮೊದಲನೇ ಫೋಟೋ ನೋಡಿ ನಗಬೇಡಿ ಫ್ರೆಂಡ್ಸ್. ಹೌದು, ಟಿವಿ ಪಕ್ಕ ನಿಂತಿರೋದು ಕುದುರೆನೇ. ಹೆಸರು ರಾಣಿ. ಅಪ್ಪ ಮೈಸೂರಲ್ಲಿ ಟಾಂಗಾ ಓಡಿಸ್ತಾರೆ ಅಂತ ಹಳೇ ಫಾಲೋವರ್ಸ್‌ಗೆ ಗೊತ್ತು. ಮನೇಲಿ ಎರಡು ಕುದುರೆ. ರಾಣಿಗೆ ವಯಸ್ಸಾಗಿದೆ, ಈಗ ಗಾಡಿಗೆ ಕಟ್ಟಲ್ಲ.

ಹೋದ ಮೇ ತಿಂಗಳು, ಭರಣಿ ಮಳೆ ಟೈಮು. ಅದಕ್ಕೆ ಒಂದು ವಾರ ಮುಂಚೆ ನಾನೇ ಅಪ್ಪನ ಹತ್ರ ವಾದ ಮಾಡಿದ್ದೆ. "ರಾಣಿನ ಮಾರಿಬಿಡೋಣ. ಹುಲ್ಲು, ಬೂಸಾ, ಹುರುಳಿ ಅಂತ ಖರ್ಚು ಮಾತ್ರ, ಆದಾಯ ಸೊನ್ನೆ. ಅಕೌಂಟ್ಸ್ ಪ್ರಕಾರ ಸವಕಳಿ ಪೂರ್ತಿ ಮುಗಿದಿರೋ ಆಸ್ತಿ ಅದು." ಬಿಕಾಂ ಓದಿದ ಜಂಬ. ಅಪ್ಪ ಏನೂ ಹೇಳಲಿಲ್ಲ.

ಆವತ್ತು ಸಂಜೆ ಚಾಮುಂಡಿ ಬೆಟ್ಟದ ಕಡೆ ಆಕಾಶ ಕಪ್ಪಾಗಿತ್ತು. ಅಪ್ಪ ಇನ್ನೊಂದು ಕುದುರೆ ಜೊತೆ ಅರಮನೆ ಹತ್ರ ಇದ್ರು. ಫೋನ್ ಮಾಡಿ, "ಗಾಳಿ ಜೋರಾಗೋ ಹಂಗಿದೆ ಮಗ, ಈಗ್ಲೇ ರಾಣಿನ ಲಾಯದಿಂದ ಬಿಚ್ಚು" ಅಂದ್ರು. "ಹ್ಞೂಂ ಅಪ್ಪ" ಅಂದು ಲೆಕ್ಕ ಮಾಡ್ತಾ ಕೂತೇ ಇದ್ದೆ.

ಹತ್ತೇ ನಿಮಿಷ. ಲಾಯದ ತಗಡಿನ ಶೀಟು ದಡದಡ ಅಂತ ಎದ್ದು ಬೀಳೋಕೆ ಶುರುವಾಯ್ತು. ಪಕ್ಕದ ಮೇಫ್ಲವರ್ ಮರ ಬಾಗ್ತಾ ಇತ್ತು. ಕುದುರೆ ಹೆದರಿದ್ರೆ ಓಡುತ್ತೆ. ಕಟ್ಟಿ ಹಾಕಿದ್ರೆ ಹಗ್ಗ ಜಗ್ಗುತ್ತೆ. ರಾಣಿ ಜಗ್ಗಿದಷ್ಟೂ ಗಂಟು ಬಿಗಿಯಾಯ್ತು. ಬೆಳಿಗ್ಗೆ ಆ ಗಂಟು ಹಾಕಿದ್ದು ನಾನು, ಗಂಟಿನ ಮೇಲೆ ಗಂಟು. ನನ್ನ ಬೆರಳಲ್ಲಿ ಬಿಚ್ಚೋಕೆ ಆಗಲಿಲ್ಲ. ಅಮ್ಮ ಕುಡುಗೋಲು ತಂದು ಹಗ್ಗ ಕುಯ್ದ್ರು.

ಆರ್‌ಸಿಸಿ ಅಂದ್ರೆ ಮನೆ ಒಂದೇ. ಬಾಗಿಲವರೆಗೆ ಬಂದ ರಾಣಿ ಟೈಲ್ಸ್ ನೋಡಿ ನಿಂತುಬಿಟ್ಲು. ಲಾಳ ಹಾಕಿದ ಕಾಲು ಜಾರುತ್ತೆ ಅಂತ ಅವಳಿಗೆ ಗೊತ್ತು. ಅಮ್ಮ ಮಾತಾಡದೆ ಗೋಣಿಚೀಲ ಹಾಸಿದ್ರು. ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಬಂದ್ಲು. ಸ್ವಲ್ಪ ಹೊತ್ತಿಗೆ ಹೊರಗೆ ದೊಡ್ಡ ಸದ್ದು. ಎರಡನೇ ಫೋಟೋ ನೋಡಿ: ಕೊಂಬೆ ಬಿದ್ದಿರೋ ಜಾಗ, ರಾಣಿ ನಿಂತಿದ್ದ ಜಾಗ.

ರಾತ್ರಿ ಒಂಬತ್ತಕ್ಕೆ ಅಪ್ಪ ಗಾಡಿ ಅಲ್ಲೇ ಬಿಟ್ಟು, ಕುದುರೆ ಹಿಡ್ಕೊಂಡು ನಡ್ಕೊಂಡೇ ಬಂದ್ರು. ಕುಯ್ದ ಹಗ್ಗ ನೋಡಿ, "ಈ ಗಂಟು ಯಾರು ಹಾಕಿದ್ದು?" ಅಂದ್ರು. "ನಾನು" ಅಂದೆ. ಬೈಯಲಿಲ್ಲ. ಮೊಬೈಲ್ ಟಾರ್ಚ್ ಹಿಡಿಸಿ, ತುದಿ ಎಳೆದ್ರೆ ಒಂದೇ ಸಲಕ್ಕೆ ಬಿಚ್ಚೋ ಗಂಟು ಹೇಳಿಕೊಟ್ರು. ಕಣ್ಣು ಮುಚ್ಚಿ ಹಾಕೋವರೆಗೂ ಬಿಡಲಿಲ್ಲ.

ಈಗ ಮನೇಲಿ ಕುದುರೆ, ಹಸು ಏನೇ ಇದ್ರೂ ಇದು ಸೇವ್ ಮಾಡ್ಕೊಳ್ಳಿ:

1. ಶೀಟಿನ ಬೋಲ್ಟು, ಒಣಗಿದ ಕೊಂಬೆ ಮಳೆಗೆ ಮುಂಚೆನೇ ನೋಡಿ. ಗಾಳಿಗೆ ಹಾರೋ ಬಕೆಟ್ಟು, ತಗಡು ಒಳಗಿಡಿ.

2. ಗುಡುಗು ಬಂದಾಗ ಮರದ ಕೆಳಗೆ, ಕರೆಂಟ್ ಕಂಬದ ಹತ್ರ ಕಟ್ಟಬೇಡಿ.

3. ಡ್ರಮ್ಮು ತುಂಬಿಸಿ. ಒಂದು ಕುದುರೆಗೆ ದಿನಕ್ಕೆ 25–30 ಲೀಟರ್ ನೀರು ಬೇಕು, ಕರೆಂಟ್ ಹೋದ್ರೆ ಮೋಟರ್ ಇರಲ್ಲ.

4. ಹುಲ್ಲನ್ನ ನೆಲದಿಂದ ಎತ್ತರದಲ್ಲಿಡಿ, ಟಾರ್ಪಾಲ್ ಹೊದಿಸಿ. ಬೂಷ್ಟು ಹಿಡಿದ ಹುಲ್ಲು ತಿಂದ್ರೆ ಹೊಟ್ಟೆನೋವು ಬರಬಹುದು. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ, ಜೀವಕ್ಕೇ ಬರುತ್ತೆ.

5. ಮಳೆ ನಿಂತ ಮೇಲೆ ಮೊಳೆ, ತಗಡಿನ ಚೂರು, ಬಿದ್ದ ವೈರ್ ಇದೆಯಾ ನೋಡಿ, ಆಮೇಲೆ ಹೊರಗೆ ಬಿಡಿ.

ರಾಣಿನ ಮಾರೋ ಮಾತು ನಾನು ಮತ್ತೆ ಎತ್ತಿಲ್ಲ. ಅಪ್ಪನೂ ಕೇಳಿಲ್ಲ. ಸಂಜೆ ಅವಳನ್ನ ಕಟ್ಟೋ ಕೆಲಸ ಈಗ ನಂದು. ಕಟ್ಟಿ ಆದ್ಮೇಲೆ ಒಂದು ಸಲ ತುದಿ ಎಳೆದು ನೋಡ್ತೀನಿ.

#ಲಾಯದಕತೆಗಳು #ಮೈಸೂರುಟಾಂಗಾ #ನಮ್ಮರಾಣಿ