ಬಿ.ಎಚ್. ರಸ್ತೆಯಲ್ಲಿ ಅಪ್ಪನ ಜೊತೆ

ಶಿವಮೊಗ್ಗದಿಂದ ಭದ್ರಾವತಿ ಕಡೆ ಹೊರಟರೆ ಹರಿಗೆ ದಾಟುತ್ತಿದ್ದ ಹಾಗೆ ಸಿಗೋದೇ ನಮ್ಮ ಮಲವಗೊಪ್ಪ. ಬಸ್ಸಲ್ಲಿ ಹೋಗೋರಿಗೆ ಅದು ಬಿ.ಎಚ್. ರಸ್ತೆಯ ಇನ್ನೊಂದು ಸ್ಟಾಪ್ ಅಷ್ಟೇ. ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ. ಇಲ್ಲಿದ್ದ ತುಂಗಭದ್ರಾ ಸಕ್ಕರೆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದವು. ಹಳಬರು ಈಗಲೂ ವಿಳಾಸ ಹೇಳುವಾಗ ಶುಗರ್ ಫ್ಯಾಕ್ಟರಿ ಅಂತಲೇ ಶುರು ಮಾಡೋದು.

ಅಪ್ಪ ಮಾತ್ರ ಕೆಲಸ ಮಾಡಿದ್ದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ. 1918ರಲ್ಲಿ ಮೈಸೂರು ಸರ್ಕಾರ ಶುರು ಮಾಡಿ, ಸರ್ ಎಂ.ವಿ. ಕಟ್ಟಿ ಬೆಳೆಸಿದ ಕಾರ್ಖಾನೆ ಅದು. ಕಲ್ಲಿದ್ದಲು ಹತ್ತಿರ ಇಲ್ಲದ ಕಾರಣ ಮೊದಮೊದಲು ಮಲೆನಾಡಿನ ಕಾಡಿನ ಮರದ ಇದ್ದಿಲಲ್ಲೇ ಕಬ್ಬಿಣ ಕರಗಿಸುತ್ತಿದ್ದರು. ಭದ್ರಾವತಿಯ ಹಳೆಯ ಹೆಸರು ಬೆಂಕೀಪುರ. ಕುಲುಮೆ ಬರೋಕೆ ಮುಂಚೆಯೇ ಆ ಹೆಸರಿತ್ತು ಅನ್ನೋದು ನನಗೆ ಯಾವತ್ತೂ ತಮಾಷೆ.

ನನಗೂ ಅಪ್ಪನಿಗೂ ಫೋನಲ್ಲಿ ಮಾತು ಅಂದರೆ 'ಊಟ ಆಯ್ತಾ', 'ಮಳೆ ಬಂತಾ'. ಆಮೇಲೆ ಅವರೇ 'ತಗೋ, ಅಮ್ಮಂಗೆ ಕೊಡ್ತೀನಿ' ಅಂತಿದ್ದರು. ಅಮ್ಮ ತೀರಿಕೊಂಡು ಎರಡು ವರ್ಷ. ಈಗ ಫೋನ್ ಕೊಡೋಕೆ ಅಲ್ಲಿ ಯಾರೂ ಇಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದು ಇಡ್ತೀವಿ. ಬೆಂಗಳೂರಿಗೆ ಬಂದುಬಿಡಿ ಅಂದಾಗೆಲ್ಲ 'ನೋಡಣ' ಅಂತಾರೆ.

ಕಳೆದ ನವೆಂಬರಲ್ಲಿ ಊರಿಗೆ ಹೋದಾಗ ಅಪ್ಪ ಜೀವನ ಪ್ರಮಾಣಪತ್ರ ಕೊಡೋಕೆ ಭದ್ರಾವತಿಯ ಬ್ಯಾಂಕಿಗೆ ಹೊರಟಿದ್ದರು. ಪಿಂಚಣಿ ತಗೊಳ್ಳೋರು ಬದುಕಿದ್ದೀವಿ ಅಂತ ವರ್ಷಕ್ಕೊಮ್ಮೆ ತೋರಿಸಬೇಕಲ್ಲ, ಅದು. 2021ರಿಂದ ಮೊಬೈಲ್ ಕ್ಯಾಮೆರಾಗೆ ಮುಖ ತೋರಿಸಿದರೂ ಆಗುತ್ತೆ.

"ಮನೇಲೇ ಮಾಡಿಕೊಡ್ತೀನಿ ಅಪ್ಪ, ಐದೇ ನಿಮಿಷ" ಅಂದೆ.

"ಹೋದ್ ವರ್ಷ ಪಕ್ಕದ್ಮನೆ ಹುಡುಗ ಹಂಗೇ ಮಾಡ್ಕೊಟ್ಟ. ಬದುಕಿದೀನಿ ಅಂತ ಮೊಬೈಲ್‌ಗೆ ಗೊತ್ತಾಯ್ತು. ನಮ್ ಶಿಫ್ಟಿನವ್ರಿಗೆ ಗೊತ್ತಾಗ್ಲಿಲ್ಲ."

ಹೀಗೆ ಅವರದ್ದೇ ಸ್ಕೂಟರಲ್ಲಿ ಹೊರಟ್ವಿ. ನಾನು ಮುಂದೆ, ಅಪ್ಪ ಹಿಂದೆ. ಎದುರುಬದುರು ಕೂತಾಗ ಬಾರದ ಮಾತು ಸ್ಕೂಟರಲ್ಲಿ ಬರುತ್ತೆ, ಮುಖ ನೋಡೋ ಹಾಗಿಲ್ಲವಲ್ಲ. ನಿದಿಗೆ ದಾಟಿದ ಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟರು. ಮಾಚೇನಹಳ್ಳಿ ಹತ್ತಿರ, ಕೇಳದೇನೇ ಹೇಳಿದರು: 1998ರಲ್ಲಿ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ಜೊತೆ ವಿಲೀನ ಆದಮೇಲೆ ಅವರಿಗೆ ಭಿಲಾಯಿಗೆ ಹೋಗೋ ಅವಕಾಶ ಬಂದಿತ್ತಂತೆ.

"ಮತ್ತೆ ಯಾಕೆ ಹೋಗ್ಲಿಲ್ಲ?"

"ನಿಮ್ಮಮ್ಮ ನೋಡಣ ಅಂದ್ಲು. ಅವ್ಳು ನೋಡಣ ಅಂದ್ರೆ ಇಲ್ಲ ಅಂತ."

ನಾನು ನಕ್ಕೆ. ಆಮೇಲೆ ಅವರ 'ನೋಡಣ' ನೆನಪಾಗಿ ಸುಮ್ಮನಾದೆ.

ಬ್ಯಾಂಕ್ ಮೆಟ್ಟಿಲ ಮೇಲೆ ಅವರ ಶಿಫ್ಟಿನ ಐದಾರು ಜನ ಕಾಯ್ತಿದ್ದರು. ಒಳಗಿನ ಕೆಲಸ ಬೇಗ ಮುಗೀತು, ಎದುರಿನ ಹೋಟೆಲಲ್ಲಿ ಟೀ ಒಂದೂವರೆ ಗಂಟೆ. ಈ ವರ್ಷ ಯಾರು ಬಂದಿಲ್ಲ ಅನ್ನೋ ಲೆಕ್ಕ ಮೊದಲು. ಆಮೇಲೆ, 1936ರಲ್ಲಿ ಶುರುವಾದ ಕಾಗದ ಕಾರ್ಖಾನೆ ನಿಂತು ಹೋದ ಮೇಲೆ ಊರು ಹೇಗೆ ಖಾಲಿ ಆಯ್ತು ಅನ್ನೋ ಮಾತು. ಯಾರೋ ನನ್ನ ಕಡೆ ತಿರುಗಿ "ನಿಂದು ಎಂತ ಕೆಲ್ಸ ಮಾರಾಯ?" ಅಂದರು. ನಾನು ಬಾಯಿ ತೆರೆಯೋಕೆ ಮುಂಚೆ ಅಪ್ಪನೇ ಶುರು ಮಾಡಿದರು.

"ಇವಂದೂ ಶಿಫ್ಟೇ. ತಿಂಗಳಲ್ಲಿ ಒಂದು ವಾರ ರಾತ್ರಿ ಯಾವಾಗ ಬೇಕಾದ್ರೂ ಕರೀತಾರೆ. ಸರ್ವರ್ ಅಂತ ಇರುತ್ತೆ, ಫರ್ನೇಸ್ ಇದ್ದಂಗೆ. ಆರೋಕೆ ಬಿಡಂಗಿಲ್ಲ."

ಆನ್-ಕಾಲ್ ಡ್ಯೂಟಿ ಬಗ್ಗೆ ಅಪ್ಪನಿಗೆ ನಾನು ಹೇಳಿದವನೇ ಅಲ್ಲ. ಅಮ್ಮನಿಗೆ ಹೇಳ್ತಿದ್ದೆ, ಎರಡು ಮೂರು ಸಲ, ರಾತ್ರಿ ನಿದ್ದೆ ಆಗಿಲ್ಲ ಅಂತ. ಫೋನ್ ಕೊಟ್ಟ ಮೇಲೆ ಅವರು ಅಲ್ಲೇ ಪಕ್ಕದಲ್ಲಿ ಕೂತಿರ್ತಿದ್ದರು ಅಂತಾಯ್ತು. ಕೆಲಸಕ್ಕೆ ಸೇರಿ ಎಂಟು ವರ್ಷದಲ್ಲಿ ನನ್ನ ಕೆಲಸವನ್ನ ಯಾರೂ ಇಷ್ಟು ಸರಿಯಾಗಿ ವಿವರಿಸಿದ್ದಿಲ್ಲ, ನನ್ನ ಮ್ಯಾನೇಜರನ್ನೂ ಸೇರಿಸಿ.

ಹೊರಗೆ ಬಂದಾಗ ಬೆಂಗಳೂರಿನ ಮಾತು ಇನ್ನೊಮ್ಮೆ ಎತ್ತಿದೆ. ಈ ಸಲ 'ನೋಡಣ' ಅನ್ನಲಿಲ್ಲ.

"ಬೇಸಿಗೇಲಿ ಒಂದು ತಿಂಗಳು ಬರ್ತೀನಿ. ಒಂದೇ ತಿಂಗಳು. ಮನೆ ಮಾರೋ ಮಾತು ಆಡ್ಬೇಡ. ಮುಂದಿನ್ ನವೆಂಬರಲ್ಲಿ ನೀನು ರಜಾ ಹಾಕಿ ಬಾ."

"ಆಯ್ತಪ್ಪ."

"ಹಿಂದೆ ಕೂತ್ಕೋ, ಗಾಡಿ ನಾನು ಓಡಿಸ್ತೀನಿ" ಅಂತ ಕೈ ಚಾಚಿದರು. ಕೀ ಕೊಟ್ಟೆ.