ಸ್ಟೇರಿಂಗು ಯಾರ ಕೈಯಲ್ಲಿ?

ಹೊರಟ ಜಾಗಕ್ಕೇ ಬಂದು ನಿಲ್ಲುವುದಕ್ಕೆ ನೂರಾರು ಸುತ್ತು ಕಾರು ಓಡಿಸಬೇಕೆ ಎಂದು ಕೇಳುವವಳು ನಾನು. ಅಮೆರಿಕದ ಸ್ಟಾಕ್ ಕಾರ್ ಪಂದ್ಯ ಅಂಥದ್ದೇ. ಹೊರಗಿನಿಂದ ನಾವು ನೀವು ಓಡಾಡುವ ಕಾರಿನ ರೂಪ. ಒಳಗೆ ಉಕ್ಕಿನ ಪಂಜರ, ದೈತ್ಯ ಎಂಜಿನ್ನು. ಆದರೂ ಆ ಪಂದ್ಯದ ಜೆಫ್ ಗಾರ್ಡನ್‌ನ ಎಳವೆಯ ಕಥೆ, ಮೂವತ್ತು ವರ್ಷ ಮಕ್ಕಳ ನಡುವೆಯೇ ಕಳೆದ ನನ್ನನ್ನು ಹಿಡಿದು ಕೂರಿಸಿತು.

1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಹುಡುಗ ನಾಲ್ಕು ವರ್ಷಕ್ಕೇ ಸೈಕಲ್ ಪಂದ್ಯಕ್ಕಿಳಿದ. ಮಕ್ಕಳು ಬಿದ್ದು ಗಾಯ ಮಾಡಿಕೊಳ್ಳುವುದನ್ನು ಕಂಡ ತಾಯಿ ಕ್ಯಾರಲ್ ಹೆದರಿದರು. ಆಗ ಮಲತಂದೆ ಜಾನ್ ಬಿಕ್‌ಫರ್ಡ್ ಮನೆಗೆ ತಂದದ್ದೇನು ಗೊತ್ತೆ? ಕ್ವಾರ್ಟರ್ ಮಿಡ್ಜೆಟ್ ಎಂಬ ಪುಟ್ಟ ರೇಸ್ ಕಾರು! ನಗಬೇಡಿ, ಅದರಲ್ಲೂ ಲೆಕ್ಕವಿದೆ. ಸೈಕಲ್ಲಿನಲ್ಲಿ ಪೆಟ್ಟು ತಿನ್ನುವುದು ಮಗುವಿನ ಮೈ; ಇಲ್ಲಿ ಬೆಲ್ಟು, ಹೆಲ್ಮೆಟ್ಟು, ಸುತ್ತ ಕಬ್ಬಿಣದ ಸರಳು. 1979ರಲ್ಲೇ ಹುಡುಗ ರಾಷ್ಟ್ರೀಯ ಚಾಂಪಿಯನ್ ಆದ.

ಮುಂದಿನದು ನನಗೆ ಭಯ ಹುಟ್ಟಿಸಿದ ಭಾಗ. ದೊಡ್ಡ ಗಾಡಿ ಓಡಿಸಲು ಕ್ಯಾಲಿಫೋರ್ನಿಯಾದಲ್ಲಿ ವಯಸ್ಸು ಸಾಲದು; ಇಂಡಿಯಾನಾದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಹುಡುಗನಿಗಾಗಿ ಸಂಸಾರವೇ ಗಂಟುಮೂಟೆ ಕಟ್ಟಿ 3000 ಕಿಲೋಮೀಟರಿಗೂ ಆಚೆಯ ಪಿಟ್ಸ್‌ಬರೋ ಎಂಬ ಸಣ್ಣ ಊರಿಗೆ ಬಂತು. 1989ರಲ್ಲಿ ಹೈಸ್ಕೂಲು ಮುಗಿಸಿದ ದಿನವೂ ಅವನು ಮಣ್ಣಿನ ಟ್ರ್ಯಾಕಿನಲ್ಲಿ ಗಾಡಿ ಓಡಿಸಿದ. ಎಳೆಯ ಹೆಗಲ ಮೇಲೆ ಇಡೀ ಮನೆಯ ಆಸೆ! ಸೋತಿದ್ದರೆ ಆ ಬಾಲ್ಯವನ್ನು ಹಿಂದಿರುಗಿಸುವವರು ಯಾರು? ಗೆದ್ದವನ ಕಥೆಯನ್ನು ಪುಸ್ತಕ ಮಾಡುತ್ತಾರೆ. ಹೀಗೇ ಊರು ಬಿಟ್ಟು ಬಂದು ಸೋತವರ ಹೆಸರು ಯಾರಿಗೂ ಸಿಗುವುದಿಲ್ಲ.

ಆದರೆ 1990ರಲ್ಲಿ ಒಂದು ತಿರುವು ಬಂತು. ಅಲ್ಲಿಯವರೆಗೆ ಅವನು ಪಳಗಿದ್ದು ಚಕ್ರಗಳು ಹೊರಗೆ ಕಾಣುವ ಹಗುರ ಗಾಡಿಗಳಲ್ಲಿ. ಬಕ್ ಬೇಕರ್ ಅವರ ಚಾಲನಾ ಶಾಲೆಯಲ್ಲಿ ಭಾರದ ಸ್ಟಾಕ್ ಕಾರು ಹತ್ತಿದವನೇ, ಇನ್ನು ಇದೇ ನನ್ನ ದಾರಿ ಎಂದು ತೀರ್ಮಾನಿಸಿದ. ವಯಸ್ಸು 19. ಅಷ್ಟು ವರ್ಷ ದುಡ್ಡು, ದುಡಿಮೆ ಎರಡನ್ನೂ ಸುರಿದಿದ್ದ ಮನೆಯವರು ಅಡ್ಡ ಬರಲಿಲ್ಲ.

1992ರ ನವೆಂಬರ್ 15ರಂದು ಅಟ್ಲಾಂಟಾದಲ್ಲಿ ದೊಡ್ಡ ಸರಣಿಯ ಮೊದಲ ಪಂದ್ಯ. ಹಿರಿಯ ಚಾಲಕ ರಿಚರ್ಡ್ ಪೆಟ್ಟಿಗೆ ಅದೇ ಕೊನೆಯದು. ನಮ್ಮ ಹುಡುಗ ಗೋಡೆಗೆ ಗುದ್ದಿ 31ನೆಯವನಾದ. 1994ರ ಮೇ ತಿಂಗಳಲ್ಲಿ ಷಾರ್ಲಟ್‌ನ 600 ಮೈಲಿಯ ಪಂದ್ಯದಲ್ಲಿ ಮೊದಲ ಗೆಲುವು. ಗಂಡಸರ ಗಟ್ಟಿತನವೇ ಮೆರೆಯುವ ಆ ಕಣದಲ್ಲಿ 22ರ ತರುಣ ಎಲ್ಲರೆದುರೇ ಅತ್ತುಬಿಟ್ಟ. ಆಗಸ್ಟಿನಲ್ಲಿ, ಅವರು ವಲಸೆ ಬಂದ ಊರಿನ ಹತ್ತಿರದ ಇಂಡಿಯಾನಾಪೊಲಿಸ್‌ನಲ್ಲೂ ಗೆದ್ದ. 1995ರಲ್ಲಿ 24ನೇ ವಯಸ್ಸಿಗೆ ಸರಣಿಯ ಚಾಂಪಿಯನ್.

ಮಗುವನ್ನು ಬೆಲ್ಟು ಬಿಗಿದು ಕೂರಿಸುವುದು ಹಿರಿಯರ ಕೆಲಸ, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಪಿಯುಸಿಗೆ ಯಾವ ವಿಷಯ ತೆಗೆದುಕೊಳ್ಳಬೇಕೆಂಬ ಅರ್ಜಿಯನ್ನೂ ಅಪ್ಪನೇ ತುಂಬುತ್ತಾನೆ, ಪಕ್ಕದಲ್ಲಿ ಮಗಳು ಪೆನ್ನಿನ ಮುಚ್ಚಳ ಹಿಡಿದು ನಿಂತಿರುತ್ತಾಳೆ. ಆ ಪೆನ್ನನ್ನು ಅವಳ ಕೈಗೆ ಕೊಡಲು ಎಷ್ಟು ಹೊತ್ತು ಬೇಕು?