ಲಂಡನ್ನಿನ ಒಬ್ಬ ತಾಯಿ, ನಮ್ಮ ಮನೆಯ ಅವ್ವ

ಮನೆಯೊಳಗಿನ ಮಾತನ್ನು ಸಂಘದ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾವಿಬ್ಬರೂ ಬಹಳ ದಿನ ಯೋಚಿಸಿದೆವು. ನಮ್ಮಂಥ ಇನ್ನೊಂದು ಮನೆ ಈ ನಗರದಲ್ಲಿ ಇದ್ದೀತು ಎಂದುಕೊಂಡು ಬರೆಯುತ್ತಿದ್ದೇವೆ.

ನಮ್ಮ ಮಗನಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಆದರೆ ಡೊಂಬಿವಲಿಯ ನಮ್ಮ ಗ್ಯಾಲರಿಯೆದುರು ಲೋಕಲ್ ಗಾಡಿ ಹಾದರೆ ಸಾಕು, ಎಲ್ಲಿದ್ದರೂ ಓಡಿಬರುತ್ತಿದ್ದ. ಅದು 1987ನೆಯ ಇಸವಿ. ದೊಡ್ಡ ಆಸ್ಪತ್ರೆಯೊಂದರ ಡಾಕ್ಟರರು ಹದಿನೈದು ನಿಮಿಷ ನೋಡಿ ಎರಡು ಮಾತು ಹೇಳಿದರು. ತಾಯಿ ನೌಕರಿಗೆ ಹೋಗುತ್ತಾರೆ, ಮಗುವಿಗೆ ಪ್ರೀತಿ ಸಾಲದು. ಒಳಗೆ ಕನ್ನಡ, ಹೊರಗೆ ಮರಾಠಿ, ಹಿಂದಿ. ಇದರಿಂದ ಮಗುವಿಗೆ ಗೊಂದಲ, ಕನ್ನಡ ಬಿಟ್ಟುಬಿಡಿ. ನಾವು ಬಿಟ್ಟೆವು. ಧಾರವಾಡದಿಂದ ಬಂದು ನಮ್ಮೊಡನಿದ್ದ ಅವ್ವನಿಗೆ ಬರುತ್ತಿದ್ದುದು ಕನ್ನಡವೊಂದೇ. "ಮೊಮ್ಮಗನ ಕೂಡ ಮಾತಾಡಬಾರದಂದ್ರ ನಾ ಇಲ್ಲಿದ್ದು ಏನ ಮಾಡ್ಲಿ?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಲೋರ್ನಾ ವಿಂಗ್ ಎಂಬ ಹೆಸರು ನಮಗೆ ತಿಳಿದದ್ದು ಆಮೇಲೆ, ವಿಶೇಷ ಶಾಲೆಯ ಟೀಚರೊಬ್ಬರು ಓದಲು ಕೊಟ್ಟ ಆಕೆಯ ಪುಸ್ತಕದಿಂದ. 1928ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈಕೆ ಮನೋವೈದ್ಯೆ. ಪತಿ ಜಾನ್ ವಿಂಗ್ ಕೂಡ ಅದೇ ವೃತ್ತಿಯವರು. 1956ರಲ್ಲಿ ಮಗಳು ಸೂಸಿ ಹುಟ್ಟಿದಳು. ಜಾನ್ ಒಂದು ಉಪನ್ಯಾಸ ಕೇಳಿಬಂದ ಮೇಲಷ್ಟೇ ಮಗಳದು ಆಟಿಸಂ ಎಂದು ಅವರಿಗೆ ಗೊತ್ತಾಯಿತು. ಇಬ್ಬರು ಡಾಕ್ಟರರಿದ್ದ ಮನೆಯ ಕಥೆಯೇ ಹೀಗೆ! ಓದಿ ನಮಗೆ ಎಷ್ಟು ಸಮಾಧಾನವಾಯಿತೆಂದು ಹೇಳಿಕೊಳ್ಳಲು ಸಂಕೋಚ.

ಆ ಕಾಲದಲ್ಲಿ ತಾಯಿಯೇ ಅಪರಾಧಿ. 1943ರಲ್ಲಿ ಅಮೆರಿಕದ ಲಿಯೊ ಕ್ಯಾನರ್ 11 ಮಕ್ಕಳನ್ನು ಕಂಡು ಆಟಿಸಂ ಬಗ್ಗೆ ಬರೆದಿದ್ದರು. ಮುಂದೆ 'ಫ್ರಿಜ್ಜಿನಂಥ ತಾಯಂದಿರು' ಎಂಬ ಮಾತು ಚಾಲ್ತಿಗೆ ಬಂತು. 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ಇಡೀ ಪುಸ್ತಕದಲ್ಲಿ ಹೆತ್ತವರನ್ನೇ ದೂರಿದರು. ಲೋರ್ನಾ ಅದನ್ನು ಒಪ್ಪಲಿಲ್ಲ. 1962ರಲ್ಲೇ ಇತರ ತಂದೆತಾಯಿಗಳೊಡನೆ ಸಂಘ ಕಟ್ಟಿದ್ದರು. 1965ರಲ್ಲಿ ಆ ಸಂಘ ಲಂಡನ್ನಿನಲ್ಲಿ ಶಾಲೆ ತೆರೆಯಿತು. ಅದೇ ಊರಿನ ಸಂಶೋಧಕರಿಬ್ಬರು, ಫೋಲ್‌ಸ್ಟೈನ್ ಮತ್ತು ರಟರ್, 1977ರಲ್ಲಿ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ. ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇಲ್ಲ. ಬೇರು ಇರುವುದು ಅನುವಂಶೀಯತೆಯಲ್ಲಿ, ಮಿದುಳಿನ ಬೆಳವಣಿಗೆಯಲ್ಲಿ.

ಲೋರ್ನಾರ ದೊಡ್ಡ ಕೆಲಸ ಲಂಡನ್ನಿನ ಕ್ಯಾಂಬರ್‌ವೆಲ್ ಭಾಗದಲ್ಲಿ ನಡೆಯಿತು. ಅಲ್ಲಿದ್ದ ಸುಮಾರು 35,000 ಮಕ್ಕಳಲ್ಲಿ ತೊಂದರೆಯುಳ್ಳವರನ್ನು ಜುಡಿತ್ ಗೌಲ್ಡ್ ಅವರೊಡನೆ ಹುಡುಕಿ ನೋಡಿದರು. 1979ರಲ್ಲಿ ಫಲಿತಾಂಶ ಪ್ರಕಟವಾಯಿತು. ಕ್ಯಾನರರ ವರ್ಣನೆಗೆ ಸರಿಹೊಂದುವವರು 10,000ಕ್ಕೆ ಐದು ಮಂದಿ. ಇತರರೊಡನೆ ಬೆರೆಯುವಲ್ಲಿ ತೊಡಕಿದ್ದವರು ಒಟ್ಟು 21. ಇವರ ನಡುವೆ ಗೆರೆ ಎಳೆಯಲು ಬರುವುದಿಲ್ಲ, ಕಾಮನಬಿಲ್ಲಿನ ಬಣ್ಣಗಳಂತೆ ಒಂದರೊಳಗೊಂದು ಸೇರಿರುತ್ತವೆ. ಇಂದು ಎಲ್ಲರೂ ಹೇಳುವ 'ಸ್ಪೆಕ್ಟ್ರಂ' ಹೀಗೆ ಬಂತು. ಕ್ಯಾನರರ ಲೆಕ್ಕಕ್ಕೆ ಸಿಗದ ನಮ್ಮ ಮಗನಿಗೂ ಅದರಲ್ಲಿ ಜಾಗವಾಯಿತು.

ಸೂಸಿ 2005ರಲ್ಲಿ ತೀರಿಕೊಂಡಳು, ಲೋರ್ನಾ 2014ರಲ್ಲಿ.

ಕನ್ನಡದ ವಿಚಾರ ಉಳಿಯಿತು. ಎರಡು ಭಾಷೆಯ ಮನೆಯಲ್ಲಿ ಬೆಳೆದ ಆಟಿಸಂ ಮಕ್ಕಳು ಆ ಕಾರಣಕ್ಕೆ ಹೆಚ್ಚು ಹಿಂದೆ ಬೀಳುವುದಿಲ್ಲವೆಂದು ಈಚಿನ ಅಧ್ಯಯನಗಳು ತೋರಿಸಿವೆ. ನಮಗೆ ಅದು ತಡವಾಗಿ ತಿಳಿಯಿತು. ಅವ್ವ 1989ರಲ್ಲಿ ಧಾರವಾಡಕ್ಕೆ ಹಿಂತಿರುಗಿದವಳು ಮರುವರ್ಷ ತೀರಿಕೊಂಡಳು.

ಇಂಥ ಮಕ್ಕಳು ಎಂದೋ ಕೇಳಿದ ಮಾತನ್ನು ಎಷ್ಟೋ ದಿನಗಳ ಮೇಲೆ ಅದೇ ದನಿಯಲ್ಲಿ ಆಡುವುದುಂಟು ಎಂದು ಆ ಪುಸ್ತಕದಲ್ಲಿದೆ. ನಮ್ಮ ಮಗ ಏಳರಲ್ಲಿದ್ದಾಗ ಒಂದು ಸಂಜೆ ಗ್ಯಾಲರಿಯಲ್ಲಿ ನಿಂತು, "ಗಾಡಿ ಬಂತ ನೋಡಪಾ" ಎಂದ. ಅಪ್ಪಟ ಅವ್ವನ ದನಿ! ನಾವಿಬ್ಬರೂ ಆಫೀಸಿಗೆ ಹೊರಟ ಮೇಲೆ ಅವಳು ಅವನೊಡನೆ ಕನ್ನಡವನ್ನೇ ಮಾತಾಡುತ್ತಿದ್ದಳೆಂಬುದು ಅಂದು ನಮಗೆ ತಿಳಿಯಿತು.